ಓದಿದ್ದು ಮೆಕ್ಯಾನಿಕಲ್, ಕೆಲ್ಸ ಸಾಫ್ಟ್‌ವೇರ್: ಅಮೆರಿಕ ಗ್ರೀನ್ ಕಾರ್ಡಿಗೆ ಏನೇನ್ ನೋಡ್ಕೋಬೇಕು

ಮಂಡ್ಯ ಪಿಇಎಸ್‌ನಲ್ಲೋ ಮೈಸೂರಿನ ಎನ್‌ಐಇನಲ್ಲೋ ಮೆಕ್ಯಾನಿಕಲ್, ಸಿವಿಲ್ ಓದ್ಬಿಟ್ಟು ಪ್ಲೇಸ್‌ಮೆಂಟ್‌ನಲ್ಲಿ ಸಾಫ್ಟ್‌ವೇರ್ ಕಡೆ ಬಂದೋರು ನಮ್ ಕಡೆ ಮನೆಗೊಬ್ರು ಸಿಕ್ತಾರೆ. ಅವ್ರೆಲ್ಲಾ ಕೇಳೋದು ಒಂದೇ, ಡಿಗ್ರಿಗೂ ಕೆಲಸಕ್ಕೂ ಸಂಬಂಧನೇ ಇಲ್ವಲ್ಲ, ಗ್ರೀನ್ ಕಾರ್ಡ್ (ಅಮೆರಿಕದಲ್ಲಿ ಕಾಯಂ ಆಗಿ ಇರಕ್ಕೆ ಪರ್ಮಿಟ್) ಆಗತ್ತಾ ಅಂತ. ಆಗತ್ತೆ ಕಣ್ರಿ, ಆದ್ರೆ ಪೇಪರ್ ಸರಿಯಾಗಿರ್ಬೇಕು.

ಮೊದ್ಲು ಎಚ್-1ಬಿ (ಅಲ್ಲಿ ಒಂದಷ್ಟು ವರ್ಷ ಕೆಲ್ಸ ಮಾಡಕ್ಕೆ ಕೊಡೋ ವೀಸಾ) ಬೇರೆ, ಗ್ರೀನ್ ಕಾರ್ಡ್ ಬೇರೆ ಅಂತ ತಲೇಲಿಟ್ಕೊಳಿ. ಎಚ್-1ಬಿಗೆ ಡಿಗ್ರಿ ಕೆಲಸಕ್ಕೆ ನೇರವಾಗಿ ಸಂಬಂಧಪಟ್ಟಿರ್ಬೇಕು, ಸಾಲ್ದೇ ಹೋದ್ರೆ 3 ವರ್ಷದ ಅನುಭವನ ಕಾಲೇಜಿನ 1 ವರ್ಷ ಅಂತ ಲೆಕ್ಕ ಹಾಕೋ ರೂಲ್ ಇದೆ. ಈ ಅನುಭವದ ಲೆಕ್ಕಕ್ಕೆ ಡಿಗ್ರಿ ಅಳೆದು ಕೊಡೋ ಯಾವ್ದೋ ಇವ್ಯಾಲ್ಯುಯೇಶನ್ ಕಂಪ್ನಿ ಕೊಟ್ಟ ಕಾಗದ ಸಾಲಲ್ಲ, ಅನುಭವಕ್ಕೆ ಕ್ರೆಡಿಟ್ ಕೊಡೋ ಅಧಿಕಾರ ಇರೋ ಯೂನಿವರ್ಸಿಟಿಯವ್ರೇ ಬರ್ದ ಲೆಟರ್ ಬೇಕು. ಈ 3ಕ್ಕೆ 1 ಲೆಕ್ಕ ಗ್ರೀನ್ ಕಾರ್ಡಲ್ಲೂ ತಾನಾಗೇ ನಡಿಯತ್ತೆ ಅಂದ್ಕೊಂಡು ಸುಮ್ನೆ ಕೂರೋರೇ ಜಾಸ್ತಿ, ಅಲ್ಲಿ ಹಂಗೆ ನಡಿಯಲ್ಲ.

ಗ್ರೀನ್ ಕಾರ್ಡಿಗೆ ಕಂಪ್ನಿ ಮೊದ್ಲು ಅಲ್ಲಿನ ಕಾರ್ಮಿಕ ಇಲಾಖೆಗೆ ಪರ್ಮ್ ಅನ್ನೋ ಅರ್ಜಿ ಹಾಕತ್ತೆ, ಈ ಕೆಲಸಕ್ಕೆ ಕನಿಷ್ಠ ಏನ್ ಓದಿರ್ಬೇಕು ಎಷ್ಟು ಅನುಭವ ಬೇಕು ಅಂತ ಅದ್ರಲ್ಲೇ ಬರೀತಾರೆ, ಆಮೇಲೆ ಕಂಪ್ನಿ ವಲಸೆ ಇಲಾಖೆಗೆ ಹಾಕೋ ಐ-140 ಅರ್ಜಿಲಿ ನಿಮ್ಮನ್ನ ಅಳೆಯೋದು ಆ ಬರ್ದಿರೋದನ್ನ ಇಟ್ಕೊಂಡೇ. ಅಲ್ಲಿ ಬರೀ ಕಂಪ್ಯೂಟರ್ ಸೈನ್ಸ್ ಡಿಗ್ರಿ ಅಂತ ಬರ್ದ್ರೋ, ಮೆಕ್ಯಾನಿಕಲ್‌ನೋರ ಕಥೆ ಮುಗೀತು. ಕಂಪ್ಯೂಟರ್ ಸೈನ್ಸ್ ಅಥ್ವಾ ಯಾವುದೇ ಇಂಜಿನಿಯರಿಂಗ್ ಅಂತಿದ್ರೆ ತೊಂದ್ರೆ ಇಲ್ಲ. ಫೈಲ್ ಆದ್ಮೇಲೆ ತಿದ್ದಕ್ಕಾಗಲ್ಲ, ಅದಕ್ಕೆ ಸಂಕೋಚ ಬಿಟ್ಟು ಮುಂಚೆನೇ ನಿಮ್ ಮಾರ್ಕ್ಸ್ ಕಾರ್ಡ್‌ಗಳನ್ನ ಲಾಯರ್‌ಗೆ ಕಳ್ಸಿ, ನನ್ ಬ್ರಾಂಚ್ ಇದು ಅಂತ ಹೇಳ್ಬಿಡಿ. ಕಂಪ್ನಿಗೆ ನಿಜವಾಗ್ಲೂ ಆ ಕೆಲಸಕ್ಕೆ ಅಷ್ಟೇ ಸಾಕು ಅಂತಿರ್ಬೇಕು ಅನ್ನೋದೂ ಇದೆ, ನಿಮಗೋಸ್ಕರ ಸುಳ್ಳು ಬರ್ಯಕ್ಕಾಗಲ್ಲ.

ಬಿಇ 4 ವರ್ಷ, ಆಮೇಲೆ 5 ವರ್ಷ ಮೇಲೇರ್ತಾ ಬಂದಿರೋ ಅನುಭವ ಇದ್ರೆ ಗ್ರೀನ್ ಕಾರ್ಡಿನ ಇಬಿ-2 (ಹೆಚ್ಚು ಓದಿರೋರ ವರ್ಗ) ಕೇಳ್ಬೋದು, ಆದ್ರೆ ಆ ಕೆಲ್ಸಕ್ಕೇ ಅಷ್ಟು ಬೇಕು ಅಂತ ಪರ್ಮಲ್ಲಿ ಇರ್ಬೇಕು. 3 ವರ್ಷದ ಬಿಕಾಂ, ಬಿಎಸ್ಸಿ ಮಾಡಿರೋರಿಗೆ ಇಲ್ಲೇ ಎಡವಟ್ಟು, ಡಿಗ್ರಿ ಒಂದು ಡಿಪ್ಲೊಮಾ ಒಂದು ಸೇರ್ಸಿ 4 ವರ್ಷ ಅಂತ ತೋರ್ಸಿದ್ರೆ ಇಬಿ-2ಗೆ ಸಾಮಾನ್ಯವಾಗಿ ಒಪ್ಪಲ್ಲ. ಅವ್ರಿಗೆ ಅದಕ್ಕಿಂತ ಕೆಳಗಿನ ವರ್ಗ ಇಬಿ-3ರ ಸ್ಕಿಲ್ಡ್ ವರ್ಕರ್ ದಾರಿ ಇದೆ, ಅದು ಕನಿಷ್ಠ 2 ವರ್ಷದ ಅನುಭವ ಇಲ್ವೇ ಟ್ರೇನಿಂಗ್ ಬೇಕಾಗೋ ಕೆಲಸಕ್ಕೆ, ಡಿಗ್ರಿ ಇರ್ಲೇಬೇಕು ಅಂತಿಲ್ಲ. ಇಬಿ-3 ಅಂದ್ರೆ ಮೂಗು ಮುರಿಬೇಡಿ, 2020ರ ಕೊನೇಲಿ ಇಂಡಿಯಾದವ್ರ ಇಬಿ-3 ಕ್ಯೂ ಇಬಿ-2ಗಿಂತ ಮುಂದಿತ್ತು, ಆಗ ಎಷ್ಟೋ ಜನ ಬೇಕಂತಲೇ ಕೆಳಗಿಳಿದ್ರು. ವರ್ಷಕ್ಕೆ ಕೊಡೋ ಗ್ರೀನ್ ಕಾರ್ಡಲ್ಲಿ ಒಂದ್ ದೇಶಕ್ಕೆ 7 ಪರ್ಸೆಂಟ್ ಅನ್ನೋ ಮಿತಿ ಇರೋದ್ರಿಂದ ಎರಡ್ರಲ್ಲೂ ನಮಗೆ ವರ್ಷಗಟ್ಲೆ ಕಾಯೋದಂತೂ ತಪ್ಪಿದ್ದಲ್ಲ.

ಡಿಗ್ರಿಗಿಂತ ಜಾಸ್ತಿ ತಲೆ ಕೆಡಿಸ್ಕೋಬೇಕಾಗಿರೋದು ಎಕ್ಸ್‌ಪೀರಿಯನ್ಸ್ ಲೆಟರ್ ಬಗ್ಗೆ. ನಮ್ ಕಡೆ ಎಚ್‌ಆರ್‌ನೋರು ಕೊಡೋ ರಿಲೀವಿಂಗ್ ಲೆಟರಲ್ಲಿ ಹೆಸ್ರು, ಡೆಸಿಗ್ನೇಶನ್, ಸೇರಿದ್ ದಿನ ಬಿಟ್ಟ ದಿನ ಅಷ್ಟೇ. ಗ್ರೀನ್ ಕಾರ್ಡಿಗೆ ಕೊಡೋ ಎಕ್ಸ್‌ಪೀರಿಯನ್ಸ್ ಲೆಟರಲ್ಲಿ ನೀವು ಏನ್ ಕೆಲ್ಸ ಮಾಡಿದ್ರಿ ಅನ್ನೋದು ಬಿಡಿಬಿಡಿಯಾಗಿ ಇರ್ಬೇಕು, ಯಾವ ಟೆಕ್ನಾಲಜಿ, ಫುಲ್‌ಟೈಮಾ, ಸೈನ್ ಮಾಡ್ದೋರ ಹೆಸ್ರು ಹುದ್ದೆ, ಕಂಪ್ನಿ ವಿಳಾಸ ಎಲ್ಲಾ. ಎಚ್‌ಆರ್ ಆಗಲ್ಲ ಅಂದ್ರೆ ಆವಾಗಿದ್ದ ಮ್ಯಾನೇಜರ್ರೋ ಸಹೋದ್ಯೋಗಿನೋ ಪ್ರಮಾಣ ಮಾಡಿ ಬರ್ಕೊಡ್ಬೋದು, ಜೊತೆಗೆ ಎಚ್‌ಆರ್ ಕೊಡಲ್ಲ ಅಂದಿದ್ದಕ್ಕೆ ಮೇಲ್, ಸ್ಯಾಲರಿ ಸ್ಲಿಪ್, ಫಾರಂ 16 ಇಟ್ಕೊಂಡಿರಿ. ಇನ್ನೊಂದು, ಸ್ಪಾನ್ಸರ್ ಮಾಡ್ತಿರೋ ಕಂಪ್ನಿಲೇ ಕಲ್ತ ಅನುಭವ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ, ಹಳೇ ಹುದ್ದೆಗೂ ಈ ಹುದ್ದೆಗೂ ಅರ್ಧಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ರೆ ಲೆಕ್ಕಕ್ಕೆ ಬರ್ಬೋದು. ಹಿಂಗಾಗಿ ಇಂಡಿಯಾದ ಹಳೇ ಕಂಪ್ನಿ ಲೆಟರ್ರೇ ಬಂಗಾರ. ಎಲ್ಲಾ ಅರ್ಹತೆನೂ ಪರ್ಮ್ ಫೈಲ್ ಆದ ದಿನಕ್ಕೇ ಇರ್ಬೇಕು, ಆಮೇಲೆ ಬಂದಿದ್ದು ಆ ಕೇಸಿಗೆ ಬರಲ್ಲ.

ಟ್ರಾನ್ಸ್‌ಕ್ರಿಪ್ಟ್ (ಯೂನಿವರ್ಸಿಟಿ ಕೊಡೋ ಎಲ್ಲಾ ಸೆಮಿಸ್ಟರಿನ ಅಂಕಪಟ್ಟಿ) ವಿಷ್ಯ: ಬೆಳಗಾವಿಯ ವಿಟಿಯು ಶುರುವಾಗಿದ್ದು 1998ರಲ್ಲಿ, ಅದಕ್ಕೂ ಮುಂಚೆ ಮಂಡ್ಯ-ಮೈಸೂರು ಕಡೆ ಇಂಜಿನಿಯರಿಂಗ್ ಮಾಡಿದೋರ ಡಿಗ್ರಿ ಮೈಸೂರು ಯೂನಿವರ್ಸಿಟಿದು, ಆಮೇಲಿನವ್ರು ಬೆಳಗಾವಿ ಕಡೆ ನೋಡ್ಬೇಕು. ರಜಕ್ಕೆ ಊರಿಗೆ ಬಂದಾಗ್ಲೇ ಈ ಕೆಲ್ಸ ಮುಗಿಸ್ಕೊಂಡ್ ಹೋಗಿ, ಅಲ್ಲಿಂದ ಅಪ್ಪಾಜಿನ ಕೌಂಟರ್ ಕೌಂಟರ್ ಅಲೆದಾಡಿಸ್ಬೇಡಿ.