ಕಾರ್ಡ್‌ಲೆಸ್ ಫೋನಿಗೆ ರಿಮೋಟ್ ಸೆಲ್ ಹಾಕಬೇಡಿ

ಮಲೆನಾಡಿನ ಎಷ್ಟೋ ಮನೆಗಳಲ್ಲಿ ಮೊಬೈಲ್ ಸಿಗ್ನಲ್ ಅಂಗಳದಲ್ಲಿ ಸಿಗುತ್ತದೆ, ಒಳಗೆ ಬಂದರೆ ಇಲ್ಲ. ಅಂಥ ಕಡೆ ಲ್ಯಾಂಡ್‌ಲೈನ್ ಇನ್ನೂ ಬೇಕು. ಮನೆಯಲ್ಲಿ ವಯಸ್ಸಾದವರಿದ್ದರೆ ಕಾರ್ಡ್‌ಲೆಸ್ ತುಂಬ ಅನುಕೂಲ, ರಿಂಗ್ ಆದಾಗ ಹಾಲ್‌ವರೆಗೆ ಓಡುವ ಕಷ್ಟ ಇರುವುದಿಲ್ಲ. ಆದರೆ ಅದರ ಸೆಲ್ ಹೋದಾಗ ಜಾಸ್ತಿ ಜನ ಪಕ್ಕದ ಅಂಗಡಿಯಿಂದ ಟಿವಿ ರಿಮೋಟಿನ ಸಣ್ಣ ಸೆಲ್ ತಂದು ಹಾಕಿಬಿಡುತ್ತಾರೆ. ಸೈಜ್ ಸರಿಯಾಗಿ ಕೂರುತ್ತದೆ, ಫೋನ್ ಆನ್ ಕೂಡ ಆಗುತ್ತದೆ. ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ.

ಹ್ಯಾಂಡ್‌ಸೆಟ್ಟನ್ನು ಬೇಸ್ ಮೇಲೆ ಇಟ್ಟ ಕೂಡಲೇ ಚಾರ್ಜಿಂಗ್ ಶುರು. ಒಳಗಿರುವುದು ಎಂಥ ಸೆಲ್ ಎಂದು ಫೋನ್ ಗುರುತಿಸುತ್ತದೆ ಎಂದು ನಂಬಿ ಕೂರುವಂತಿಲ್ಲ. ರಿಮೋಟಿನ ಮಾಮೂಲಿ ಸೆಲ್ಲಿನಂಥ ರೀಚಾರ್ಜ್ ಆಗದ ಸೆಲ್ಲಿಗೆ ಹೀಗೆ ಕರೆಂಟ್ ಹೋದರೆ ಒಳಗೆ ಗ್ಯಾಸ್ ಹುಟ್ಟುತ್ತದೆ, ಬಿಸಿಯಾಗುತ್ತದೆ, ಸೋರುತ್ತದೆ, ಕೆಲವೊಮ್ಮೆ ಸಿಡಿಯುವುದೂ ಉಂಟು. ಆಲ್ಕಲೈನ್ ಸೆಲ್ಲಿನಿಂದ ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಚರ್ಮ ಮತ್ತು ಕಣ್ಣನ್ನು ಸುಡುವ ಕ್ಷಾರ. ಕೈಗೆ ತಾಗಿದರೆ ತಕ್ಷಣ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ಹರಿಯುವ ನೀರಿನಲ್ಲಿ ತುಂಬ ಹೊತ್ತು ತೊಳೆದು ನೇರ ಡಾಕ್ಟರ ಹತ್ತಿರ ಹೋಗಿ.

ಹಾಗಾದರೆ ಯಾವುದು ತರಬೇಕು? ಈಗಿನ ಬಹಳಷ್ಟು ಕಾರ್ಡ್‌ಲೆಸ್‌ಗಳಿಗೆ ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜಬಲ್, ಟ್ರಿಪಲ್ ಎ ಸೈಜ್, 1.2 ವೋಲ್ಟ್. ಮುಚ್ಚಳ ತೆಗೆದರೆ ಒಳಗೇ ಬರೆದಿರುತ್ತದೆ, ಅಂಗಡಿಗೆ ಹಳೇ ಸೆಲ್ಲನ್ನೇ ತೆಗೆದುಕೊಂಡು ಹೋಗಿ. ರೀಚಾರ್ಜಬಲ್ ಎಂದು ಬರೆದಿದ್ದರೆ ಸಾಕು ಎಂದುಕೊಳ್ಳಬೇಡಿ. ಯುಎಸ್‌ಬಿ ವೈರ್ ಚುಚ್ಚಿ ಚಾರ್ಜ್ ಮಾಡುವ 1.5 ವೋಲ್ಟಿನ ಲಿಥಿಯಂ ಸೆಲ್‌ಗಳೂ ಅದೇ ಸೈಜಿನಲ್ಲಿ ಬಂದಿವೆ, ಅವಕ್ಕೆ ಅವುಗಳದ್ದೇ ಚಾರ್ಜಿಂಗ್ ವ್ಯವಸ್ಥೆ ಬೇಕು, ಫೋನಿನ ಬೇಸ್ ಅವನ್ನು ಚಾರ್ಜ್ ಮಾಡಲಾರದು. ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಎಷ್ಟು ದೊಡ್ಡದಿದ್ದರೆ ಅಷ್ಟು ಒಳ್ಳೆಯದು ಎಂದೂ ಓಡಬೇಡಿ, ಹಳೆಯದರಲ್ಲಿ 550 ಇದ್ದರೆ ಅದರ ಆಸುಪಾಸಿನದೇ ಸಾಕು. ಎರಡೂ ಸೆಲ್ ಒಟ್ಟಿಗೇ ಬದಲಿಸಿ. ಒಂದು ಹಳೆಯದು, ಒಂದು ಹೊಸದು ಸೇರಿಸಿದರೆ ದುರ್ಬಲ ಸೆಲ್ ಬೇಗ ಖಾಲಿಯಾಗುತ್ತದೆ, ಇನ್ನೊಂದು ಅದರೊಳಗೆ ಉಲ್ಟಾ ಕರೆಂಟ್ ನುಗ್ಗಿಸಿ ಹಾಳು ಮಾಡುತ್ತದೆ.

ಪ್ಲಸ್ ಮೈನಸ್ ನೋಡಿ ಹಾಕಿ. ತುದಿಗಳಲ್ಲಿ ಬಿಳಿ ಅಥವಾ ಹಸಿರು ಪುಡಿ ಕಂಡರೆ ಗ್ಲೌಸ್ ಹಾಕಿಕೊಂಡು, ಹತ್ತಿಗೆ ಸ್ವಲ್ಪ ವಿನೆಗರ್ ತಾಗಿಸಿ ಒರೆಸಿ, ಪೂರ್ತಿ ಒಣಗಿದ ಮೇಲೇ ಹೊಸ ಸೆಲ್ ಹಾಕಿ. ಮೊದಲ ಸಲ ಫೋನಿನ ಜೊತೆ ಬಂದ ಪುಸ್ತಕದಲ್ಲಿ ಹೇಳಿದಷ್ಟು ಗಂಟೆ ಚಾರ್ಜ್ ಆಗಲಿ. ಬೇಸ್ ಮೇಲಿದ್ದಾಗ ಹ್ಯಾಂಡ್‌ಸೆಟ್ ಸ್ವಲ್ಪ ಬೆಚ್ಚಗಾಗುವುದು ಸಹಜ. ಮುಟ್ಟಲಾಗದಷ್ಟು ಸುಡುತ್ತಿದ್ದರೆ ಅಥವಾ ಸೆಲ್ ಉಬ್ಬಿದ್ದರೆ ಪ್ಲಗ್ ತೆಗೆದುಬಿಡಿ. ಫುಲ್ ಎಂದು ತೋರಿಸಿ ಎರಡು ಮಾತಾಡುವಷ್ಟರಲ್ಲಿ ಆಫ್ ಆಗುತ್ತಿದ್ದರೆ ಸೆಲ್ಲಿನ ಆಯುಸ್ಸು ಮುಗಿದಿದೆ, ಸುಮ್ನೆ ಫೋನ್ ಬಿಸಾಡಬೇಡಿ. ಅಡಾಪ್ಟರ್ ಮಾತ್ರ ಅದರ ಜೊತೆ ಬಂದದ್ದೇ ಇರಲಿ. ಪಿನ್ ಹೊಂದಿತೆಂದು ಬೇರೆಯದು ಚುಚ್ಚಿದರೆ ವೋಲ್ಟೇಜ್ ಹೊಂದುತ್ತದೆ ಎಂಬ ಗ್ಯಾರಂಟಿ ಇಲ್ಲ.

ಕರೆಂಟ್ ಹೋದಾಗ ಏನಾಗುತ್ತದೆ ಎಂಬುದನ್ನು ಹಿರಿಯರಿಗೆ ಮೊದಲೇ ತಿಳಿಸಿ. ಹ್ಯಾಂಡ್‌ಸೆಟ್ ಫುಲ್ ಚಾರ್ಜ್ ಇದ್ದರೂ ಬೇಸ್‌ಗೆ ಕರೆಂಟ್ ಇಲ್ಲದಿದ್ದರೆ ಸಾಮಾನ್ಯವಾಗಿ ಫೋನ್ ಹೋಗುವುದಿಲ್ಲ, ತುರ್ತು ಸಹಾಯದ 112ಕ್ಕೂ ಕೂಡ. ಹಳೆಯ ತಾಮ್ರದ ಲೈನ್ ಇದ್ದರೆ ವೈರ್ ಇರುವ ಸಾದಾ ಫೋನ್ ಒಂದನ್ನು ಇಟ್ಟುಕೊಳ್ಳಿ, ಅದಕ್ಕೆ ಎಕ್ಸ್‌ಚೇಂಜಿನಿಂದಲೇ ಸುಮಾರು 48 ವೋಲ್ಟ್ ಬರುತ್ತದೆ. ಫೈಬರ್ ಆಗಿದ್ದರೆ ಆ ಉಪಾಯ ನಡೆಯದು, ಗೋಡೆಯ ಮೇಲಿನ ಫೈಬರ್ ಮೋಡೆಮ್‌ಗೂ ಕರೆಂಟ್ ಬೇಕಲ್ವಾ? ಮೋಡೆಮ್ ಮತ್ತು ಬೇಸ್ ಎರಡನ್ನೂ ಯುಪಿಎಸ್ ಲೈನಿಗೆ ಹಾಕಿಸಿ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲು ಶುರುವಾಗುವ ಮೊದಲೇ ಅಡಾಪ್ಟರ್ ಮತ್ತು ಫೋನ್ ಲೈನ್ ಎರಡನ್ನೂ ಕಿತ್ತಿಡಿ. ಶುರುವಾದ ಮೇಲೆ ಆ ವೈರ್ ಮುಟ್ಟುವುದೇ ಬೇಡ. ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ಬಂದರೆ ಕಾರ್ಡ್‌ಲೆಸ್ ಎತ್ತಬೇಡಿ, ಹೊರಗೆ ದೂರ ಹೋಗಿ ಗ್ಯಾಸ್ ಸೋರಿಕೆಯ ತುರ್ತು ನಂಬರ್ 1906ಕ್ಕೆ ಫೋನ್ ಮಾಡಿ.

ತೆಗೆದ ಸೆಲ್‌ಗಳನ್ನು ಚಿಲ್ಲರೆ ಕಾಸು, ಕೀ ಜೊತೆ ಜೇಬಿಗೆ ಹಾಕಬೇಡಿ, ಶಾರ್ಟ್ ಆಗಿ ಬಿಸಿಯೇರುತ್ತವೆ. ತುದಿಗಳಿಗೆ ಟೇಪ್ ಸುತ್ತಿಡಿ. ಬೆಂಕಿಗೂ ಬೇಡ, ಹಸಿ ಕಸಕ್ಕೂ ಬೇಡ. ತುಂಬ ಹಳೆಯ ಫೋನುಗಳ ಬ್ಯಾಟರಿ ಪ್ಯಾಕ್‌ಗಳಲ್ಲಿ ಕ್ಯಾಡ್ಮಿಯಂ ಇರುತ್ತದೆ, ಅದು ಮಣ್ಣಿಗೆ, ಬಾವಿ ನೀರಿಗೆ ಸೇರಿದರೆ ವಿಷ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಎಲ್ಲಾ ಬಗೆಯ ಬ್ಯಾಟರಿಗಳನ್ನೂ ಮನೆಯ ಕಸದಿಂದ ಬೇರೆಯಾಗಿಯೇ ಕೊಡಬೇಕು. ಇ-ತ್ಯಾಜ್ಯ ಸಂಗ್ರಹಿಸುವವರ ಕೈಗೆ ಕೊಡಿ, ಅಲ್ಲಿಯವರೆಗೆ ಮಕ್ಕಳಿಗೆ ಎಟುಕದ ಡಬ್ಬಿಯಲ್ಲಿರಲಿ.