ಯಜಮಾನರ ಸಹಿ ಕೇಳಿದ ಬ್ಯಾಂಕು, ಕೇಳದ ಪೇಟೆಂಟ್ ಕಚೇರಿ

ಮಹಿಳಾ ಉದ್ಯಮಿಗಳಿಗೆ ಸರ್ಕಾರ ಏನು ಮಾಡಿದೆ ಅಂತ ಯಾರಾದರೂ ಕೇಳಿದರೆ ಎಲ್ಲರೂ ಯೋಜನೆಗಳ ಪಟ್ಟಿ ತೆಗೆಯುತ್ತಾರೆ. ನನ್ನ ಲೆಕ್ಕ ಬೇರೆ. ನನ್ನ ಕಂಪನಿಯನ್ನು ಎತ್ತಿ ನಿಲ್ಲಿಸಿದ ನಿಯಮಗಳಲ್ಲಿ ಅರ್ಧಕ್ಕರ್ಧ 'ಮಹಿಳಾ' ಅನ್ನುವ ಹೆಸರೇ ಇಲ್ಲದವು.

ನಾವು ಮಾಡುವುದು ಹಸುವಿನ ಕೆಚ್ಚಲು ಬಾವು ಪತ್ತೆ ಹಚ್ಚುವ ಕಾಗದದ ಪಟ್ಟಿ. ಬಾವು ಶುರುವಾದಾಗ ಹೊರಗೆ ಏನೂ ಕಾಣುವುದಿಲ್ಲ. ಹಾಲು ನೋಡೋಕೆ ಸರಿಯಾಗೇ ಇರುತ್ತದೆ, ಇಳುವರಿ ಮಾತ್ರ ಇಳಿಯುತ್ತಾ ಹೋಗುತ್ತದೆ. ಪಟ್ಟಿಯ ಮೇಲೆ ಒಂದು ಹನಿ ಹಾಲು ಬಿಟ್ಟರೆ ಬಣ್ಣ ತಿರುಗುತ್ತದೆ. ಹೇಳೋಕೆ ಇಷ್ಟೇ. ಆದರೆ ಅದನ್ನು ಮಾಡಿ ತೋರಿಸೋಕೆ ಲ್ಯಾಬ್ ಬೇಕು, ಲ್ಯಾಬಿಗೆ ದುಡ್ಡು ಬೇಕು.

1978ರಲ್ಲಿ ಕಿರಣ್ ಮಜುಂದಾರ್ ಷಾ ಇದೇ ಬೆಂಗಳೂರಿನ ಬಾಡಿಗೆ ಗ್ಯಾರೇಜಿನಲ್ಲಿ 10,000 ರೂಪಾಯಿ ಇಟ್ಟುಕೊಂಡು ಬಯೋಕಾನ್ ಶುರು ಮಾಡಿದಾಗ ಬ್ಯಾಂಕುಗಳು ಸಾಲ ಕೊಡೋಕೆ ಹಿಂದೇಟು ಹಾಕಿದ್ದವು. ನನ್ನ ಕಾಲಕ್ಕೆ ಒಂದು ದೊಡ್ಡ ವ್ಯತ್ಯಾಸ ಆಗಿತ್ತು. 2012ರಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಈ ಕ್ಷೇತ್ರದ ಹೊಸ ಕಂಪನಿಗಳಿಗೆ ನೆರವಾಗುವ ಬೈರಾಕ್ ಸಂಸ್ಥೆಯನ್ನು ಕಟ್ಟಿತು. ಅದರ 'ಬಿಗ್' ಅನುದಾನದಲ್ಲಿ ಹದಿನೆಂಟು ತಿಂಗಳಿಗೆ 50 ಲಕ್ಷದವರೆಗೆ ಸಿಗುತ್ತದೆ. ಅಡಮಾನ ಇಲ್ಲ, ಕಂಪನಿಯ ಷೇರೂ ಕೇಳುವುದಿಲ್ಲ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿರುವ ಸಿ-ಕ್ಯಾಂಪ್ ಅನ್ನುವ ಸಂಸ್ಥೆ ಈ ಅನುದಾನಕ್ಕೆ ನಡೆಸುವ ಆಯ್ಕೆ ಸುತ್ತುಗಳಲ್ಲಿ ಅರ್ಜಿ ಹಾಕಿದೆ. ಕೂತು ಕೇಳಿದವರು ನನ್ನ ಪಟ್ಟಿ ತೇವಕ್ಕೆ ಕೆಡುತ್ತದಾ, ಬೇಸಿಗೆಯಲ್ಲಿ ಬಣ್ಣ ಸುಳ್ಳು ಹೇಳುತ್ತದಾ ಅಂತ ಕೇಳಿದರು. ಮನೆಯಲ್ಲಿ ಮಗು ನೋಡಿಕೊಳ್ಳೋರು ಯಾರು ಅಂತ ಕೇಳಲಿಲ್ಲ. ಖಾಸಗಿ ಹೂಡಿಕೆದಾರರ ಮುಂದೆ ಕೂತವಳಿಗೆ ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಗೊತ್ತಿರುತ್ತದೆ.

ಪೇಟೆಂಟ್ ವಿಷಯದಲ್ಲಿ ಇನ್ನೂ ಸುಲಭವಾಯಿತು. 2019ರ ಸೆಪ್ಟೆಂಬರಿನಲ್ಲಿ ನಿಯಮ ತಿದ್ದಿ, ಅರ್ಜಿ ಹಾಕಿದ ವ್ಯಕ್ತಿಗಳಲ್ಲಿ ಒಬ್ಬಳಾದರೂ ಹೆಂಗಸಿದ್ದರೆ ಪರಿಶೀಲನೆ ಬೇಗ ಮಾಡಿಸಿಕೊಳ್ಳಬಹುದು ಅಂತ ಮಾಡಿದರು. ಕಂಪನಿ ಹುಟ್ಟುವ ಮೊದಲೇ ನನ್ನ ಹೆಸರಲ್ಲೇ ಅರ್ಜಿ ಹಾಕಿದ್ದೆ. ನಮೂನೆ 18ಎ ತುಂಬಿ ಸಾಲಿನಲ್ಲಿ ಮುಂದೆ ಹೋದೆ. ನಮ್ಮ ಕಡೆಯ ಅರ್ಜಿಗಳು ಹೋಗುವುದು ಚೆನ್ನೈ ಕಚೇರಿಗೆ. ಅಲ್ಲಿ ಯಾರ ಮುಖವನ್ನೂ ನೋಡಬೇಕಾಗಲಿಲ್ಲ. ಇದನ್ನು ಕೇಳಿದ ಒಬ್ಬ ಗಂಡಸು, 'ಹಾಗಾದ್ರೆ ನಮ್ಮನೆಯವಳ ಹೆಸರೂ ಸೇರಿಸಿಬಿಡ್ಲಾ ಮೇಡಂ?' ಅಂದರು. ತಮಾಷೆಗೆ ಹೇಳಿದ್ದು ಅಂತ ಅಂದುಕೊಂಡಿದ್ದೇನೆ.

ಕಷ್ಟ ಶುರುವಾಗಿದ್ದು ಆಮೇಲೆ. ಬಿಗ್ ಅನುದಾನ ಐಡಿಯಾ ನಡೆಯುತ್ತದೆ ಅಂತ ತೋರಿಸೋವರೆಗೆ ಮಾತ್ರ. ಪಟ್ಟಿ ಕತ್ತರಿಸುವ ಮಷಿನ್, ತೇವ ಇರದ ಕೋಣೆ, ಪೀಣ್ಯದಲ್ಲಿ ಒಂದು ಶೆಡ್ಡು, ಇದಕ್ಕೆಲ್ಲ ಸಾಲವೇ ಆಗಬೇಕು. ಆಗ ಸ್ಟ್ಯಾಂಡ್ ಅಪ್ ಇಂಡಿಯಾ ಇತ್ತು. 2016ರಲ್ಲಿ ಬಂದ ಯೋಜನೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 10 ಲಕ್ಷದಿಂದ 1 ಕೋಟಿವರೆಗೆ ಸಾಲ. ಪ್ರತಿ ಬ್ಯಾಂಕ್ ಶಾಖೆಯೂ ಕನಿಷ್ಠ ಒಬ್ಬ ಹೆಂಗಸಿಗೆ ಕೊಡಬೇಕಿತ್ತು. ನಾನು ಹೋದ ಶಾಖೆಯ ಮ್ಯಾನೇಜರ್ ಒಳ್ಳೆಯ ಮನುಷ್ಯರೇ, ಕಾಫಿನೂ ತರಿಸಿದರು. ಫೈಲ್ ಪೂರ್ತಿ ನೋಡಿ, 'ಯಜಮಾನರು ಸಹಿ ಹಾಕ್ತಾರಲ್ವಾ ಮೇಡಂ? ಮನೆ ಪತ್ರ ಯಾರ ಹೆಸರಲ್ಲಿದೆ?' ಅಂದರು. ಸಾಲ ಮುಳುಗಿದರೆ ಬ್ಯಾಂಕಿನ ನಷ್ಟದಲ್ಲಿ ಪಾಲು ತುಂಬಿಕೊಡೋಕೆ ಸರ್ಕಾರದ ಗ್ಯಾರಂಟಿ ನಿಧಿ ಇದೆಯಲ್ಲ ಅಂದೆ. ಅವರು ಸುಮ್ನೆ ನಕ್ಕರು. ಆ ಯೋಜನೆಯ ನಿಯಮವನ್ನೇ ತೆಗೆದು ಓದಿದರೆ ಗೊತ್ತಾಗುತ್ತದೆ: ಅಡಮಾನವೋ ಗ್ಯಾರಂಟಿ ನಿಧಿಯೋ ಅನ್ನುವುದು ಬ್ಯಾಂಕಿನ ತೀರ್ಮಾನ. ದೆಹಲಿಯಲ್ಲಿ ಬರೆದ ಯೋಜನೆ ಕೊನೆಗೆ ಬಂದು ನಿಲ್ಲುವುದು ಆ ಒಂದು ವಾಕ್ಯದಲ್ಲಿ, ಆ ಒಂದು ಟೇಬಲ್ಲಿನ ಮುಂದೆ.

ಹಾಗಾಗಿ ನನ್ನ ಕಂಪನಿಯ ಹಣೆಬರಹ ನಿರ್ಧಾರವಾಗಿದ್ದು ಆಸ್ತಿ ಕಾನೂನಿನಿಂದ.

ಅಪ್ಪ ತೀರಿಕೊಂಡ ವರ್ಷ ಅಣ್ಣ, ಆಸ್ತಿಯಲ್ಲಿ ನಮ್ಮ ಪಾಲು ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರ ತಂದಿದ್ದ. ನಮ್ಮ ಕಡೆ ಇದು ಮಾಮೂಲು. ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ದುಡ್ಡು, ಒಂದು ಸೀರೆ, ಊಟ, ಆಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಅಂತ ಕರ್ನಾಟಕ 1994ರಲ್ಲೇ ಕಾನೂನು ಮಾಡಿತ್ತು, ಆದರೆ ಅಷ್ಟೊತ್ತಿಗೆ ಮದುವೆಯಾದವರನ್ನು ಹೊರಗಿಟ್ಟಿತ್ತು. ನಮ್ಮ ದೊಡ್ಡಕ್ಕನ ಮದುವೆ ಅದಕ್ಕೂ ಹಿಂದಿನದು. 2005ರ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. 2005ರಲ್ಲಿ ಅಪ್ಪ ಬದುಕಿರಲೇಬೇಕು ಅನ್ನುವ ಷರತ್ತೂ ಇಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಕ್ಕನಿಗೆ ಇದೆಲ್ಲ ಗೊತ್ತಿತ್ತು. ಆದರೂ ಸಹಿ ಹಾಕಿದಳು. 'ತವರಿನ ಬಾಗಿಲು ತೆರೆದಿರಲಿ ಕಣೇ' ಅಂದಳು.

ನಾನು ಹಾಕಲಿಲ್ಲ. ಅಣ್ಣ ಕೂಗಾಡಲಿಲ್ಲ, ಅದೇ ಜಾಸ್ತಿ ಹಿಂಸೆಯಾಗಿದ್ದು. 'ನೀನು ಕೇಳ್ತೀಯ ಅಂತ ಅಂದ್ಕೊಂಡಿರ್ಲಿಲ್ಲ' ಅಂತ ಒಂದೇ ಮಾತು. ವಿಭಾಗ ಪತ್ರ ಆಯಿತು, ದೊಡ್ಡಬಳ್ಳಾಪುರದ ಸೈಟ್ ನನ್ನ ಹೆಸರಿಗೆ ಬಂತು, ಖಾತೆಯೂ ಆಯಿತು. ಆ ವರ್ಷದ ಗೌರಿ ಹಬ್ಬಕ್ಕೆ ತವರಿಂದ ಬಾಗಿನ ಬರಲಿಲ್ಲ. ಸೈಟಿನ ಪತ್ರ ಅಡವಿಟ್ಟ ಮೇಲೆ ಸಾಲದ ಫೈಲ್ ಸರಸರ ಓಡಿತು. ಯಜಮಾನರ ಸಹಿ ಆಗಲೂ ಕೇಳಿದರು, ಇವರು ಹಾಕಿದರು.

ಹೆರಿಗೆ ರಜೆಯ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ. 2017ರ ತಿದ್ದುಪಡಿ ನೌಕರಿಯಲ್ಲಿರುವವರಿಗೆ 26 ವಾರದವರೆಗೆ ಕೊಟ್ಟಿತು. ಕಂಪನಿ ಶುರು ಮಾಡಿದವಳಿಗೆ ಸೊನ್ನೆ.

ಮಾರಾಟದ ವಿಷಯಕ್ಕೆ ಬರುತ್ತೇನೆ. ಕೇಂದ್ರದ ಇಲಾಖೆಗಳು, ಸಾರ್ವಜನಿಕ ಉದ್ಯಮಗಳು ತಮ್ಮ ಖರೀದಿಯಲ್ಲಿ 3% ಅನ್ನು ಮಹಿಳೆಯರ ಸಣ್ಣ ಉದ್ಯಮಗಳಿಂದ ಮಾಡಬೇಕು ಅನ್ನುವ ನಿಯಮ 2018ರಿಂದ ಇದೆ. ನನಗೆ ಅದರಿಂದ ಪ್ರಯೋಜನವಾಗಲಿಲ್ಲ, ನನ್ನ ಪಟ್ಟಿ ಬೇಕಾಗಿರುವುದು ಹಳ್ಳಿಯ ಡೈರಿಗೆ. ಅಲ್ಲಿ ಬಾಗಿಲು ತೆರೆದಿದ್ದು ತೀರಾ ಹಳೆಯ ಇನ್ನೊಂದು ಕೆಲಸ. ಹೆಂಗಸರ ತರಬೇತಿ, ಉದ್ಯೋಗಕ್ಕೆ ಅಂತ ಎಂಬತ್ತರ ದಶಕದಲ್ಲಿ ಶುರುವಾದ ಕೇಂದ್ರದ 'ಸ್ಟೆಪ್' ಯೋಜನೆಯಡಿ ಕರ್ನಾಟಕದಲ್ಲಿ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘಗಳು ಹುಟ್ಟಿದವು. ಸದಸ್ಯರೂ ಹೆಂಗಸರೇ, ಅಧ್ಯಕ್ಷರೂ ಹೆಂಗಸರೇ. ಬೇರೆ ಡೈರಿಗಳಲ್ಲಿ ನನ್ನನ್ನು 'ಸಾರ್ ಬರ್ಲಿಲ್ವಾ?' ಅಂತ ಕೇಳಿದ್ದರು. ಇಲ್ಲಿ ಕಾರ್ಯದರ್ಶಿ ಕ್ಯಾನಿನಿಂದ ತಾವೇ ಒಂದು ಹನಿ ಹಾಲು ತೆಗೆದು ಪಟ್ಟಿ ಮೇಲೆ ಬಿಟ್ಟು, ಬೆಳಕಿಗೆ ಹಿಡಿದು ನೋಡಿದರು. 'ಇದು ಲಕ್ಷ್ಮಮ್ಮನ ಹಾಲು. ಆ ಹಸು ಹಿಂದಿನ ಮೊಲೆ ಮುಟ್ಟಿಸ್ಕೊಳ್ತಾ ಇಲ್ಲ, ನಂಗೆ ಅನುಮಾನ ಇತ್ತು' ಅಂದರು. ಆಮೇಲೆ ರೇಟಿನ ಚೌಕಾಸಿ. ಕೊನೆಗೆ ನನ್ನ ದುಡ್ಡು ಹಾಲಿನ ಬಟವಾಡೆ ಆದ ಮೇಲೆ ಅಂತ ತೀರ್ಮಾನವಾಯಿತು.

ಇಂಥ ಸಂಘಗಳು ಹೆಚ್ಚಾದಂತೆ ಬಟವಾಡೆವರೆಗೆ ಕಾಯೋಕೆ ಕೈಯಲ್ಲಿ ದುಡ್ಡು ಬೇಕಾಯಿತು. ಮತ್ತೆ ಅದೇ ಶಾಖೆಗೆ ಹೋದೆ. ಮ್ಯಾನೇಜರ್ ಬದಲಾಗಿದ್ದರು. ಈಕೆ ಯಜಮಾನರ ವಿಷಯ ಎತ್ತಲಿಲ್ಲ. ಸಂಘಗಳ ಆರ್ಡರ್ ಪ್ರತಿ, ಹಿಂದಿನ ಜಿಎಸ್‌ಟಿ ರಿಟರ್ನ್ ಕೇಳಿದರು, ಗ್ಯಾರಂಟಿ ನಿಧಿಯ ಅರ್ಜಿಯನ್ನು ತಾವೇ ತೆಗೆದು ಮುಂದಿಟ್ಟರು.