ಹಶಿಮೊಟೊ ಇದ್ದವರು ಸೀಲಿಯಾಕ್ ಪರೀಕ್ಷೆ ಮಾಡಿಸಿಕೊಳ್ಳುವುದು ಹೇಗೆ?

ಗೋಧಿ ಬಿಟ್ಟರೆ ಥೈರಾಯ್ಡ್ ವಾಸಿಯಾಗುತ್ತದೆ ಎಂಬ ವಿಡಿಯೊ ನೋಡಿ ಚಪಾತಿ ನಿಲ್ಲಿಸಿದವರು, ಕೆಲವು ತಿಂಗಳ ನಂತರ ಸೀಲಿಯಾಕ್ ಪರೀಕ್ಷೆ ಮಾಡಿಸಿ ‘ನಾರ್ಮಲ್’ ಎಂಬ ವರದಿ ಹಿಡಿದು ಬರುವುದನ್ನು ಬಹಳ ಸಲ ನೋಡಿದ್ದೇನೆ. ಅಂಥ ವರದಿಯನ್ನು ನಂಬುವಂತಿಲ್ಲ.

ಹಶಿಮೊಟೊದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ಥೈರಾಯ್ಡ್ ಗ್ರಂಥಿಯ ಮೇಲೆ ಎರಗುತ್ತದೆ. ಸೀಲಿಯಾಕ್‌ನಲ್ಲಿ ಗೋಧಿ, ಬಾರ್ಲಿ, ರೈಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಹೊಟ್ಟೆಗೆ ಹೋದಾಗಲೆಲ್ಲ ಅದೇ ವ್ಯವಸ್ಥೆ ಸಣ್ಣ ಕರುಳಿನ ಒಳಪದರವನ್ನು ಸವೆಸುತ್ತದೆ. ಎರಡಕ್ಕೂ ಕೆಲವು ವಂಶವಾಹಿಗಳು ಸಮಾನವಾಗಿರುವುದರಿಂದ, ಹಶಿಮೊಟೊದಂಥ ಆಟೊಇಮ್ಯೂನ್ (ದೇಹ ತನ್ನ ಮೇಲೆಯೇ ಎರಗುವ) ಥೈರಾಯ್ಡ್ ಕಾಯಿಲೆ ಇರುವ ನೂರು ಜನರಲ್ಲಿ ಸುಮಾರು 2ರಿಂದ 5 ಮಂದಿಗೆ ಸೀಲಿಯಾಕ್ ಕೂಡ ಇರುತ್ತದೆ. ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಸರಿಯಾಗಿ ನುಂಗಿದರೂ, ಡೋಸ್ ಸಾಲುತ್ತಿದೆಯೇ ಎಂದು ತೋರಿಸುವ ಹಾರ್ಮೋನು ಟಿಎಸ್‌ಎಚ್ ಹತೋಟಿಗೆ ಬರದಿದ್ದರೆ, ಕಬ್ಬಿಣದ ಮಾತ್ರೆಗೂ ರಕ್ತಹೀನತೆ ಜಗ್ಗದಿದ್ದರೆ, ಭೇದಿ ಅಥವಾ ಹೊಟ್ಟೆಯುಬ್ಬರ ಬಿಡದಿದ್ದರೆ ಪರೀಕ್ಷೆ ಕೇಳಿ.

ಮೊದಲನೆಯದಾಗಿ, ಪರೀಕ್ಷೆ ಮುಗಿಯುವವರೆಗೆ ಗೋಧಿ ಬಿಡಬೇಡಿ. ರಕ್ತದಲ್ಲಿ ಹುಡುಕುವ ಪ್ರತಿಕಾಯಗಳು (ಆಂಟಿಬಾಡಿ) ಗ್ಲುಟೆನ್ ತಿನ್ನುತ್ತಿರುವಾಗ ಮಾತ್ರ ಚೆನ್ನಾಗಿ ಕಾಣಿಸಿಕೊಳ್ಳುತ್ತವೆ. ಬಿಟ್ಟರೆ ಅವು ಇಳಿಯುತ್ತವೆ, ಕರುಳೂ ಚೇತರಿಸಿಕೊಳ್ಳತೊಡಗುತ್ತದೆ, ರೋಗ ಮರೆಯಾಗಿ ಕೂರುತ್ತದೆ. ನಮ್ಮಲ್ಲಿ ಇನ್ನೊಂದು ತೊಡಕಿದೆ: ಮುದ್ದೆ, ಜೋಳದ ರೊಟ್ಟಿ, ಅನ್ನವನ್ನೇ ಉಣ್ಣುವವರು ತಮಗರಿವಿಲ್ಲದೆಯೇ ತೀರ ಕಡಿಮೆ ಗೋಧಿ ತಿನ್ನುತ್ತಿರಬಹುದು. ಪರೀಕ್ಷೆಗೆ ಮೊದಲು ಕನಿಷ್ಠ 6 ವಾರ, ದಿನಕ್ಕೆ ಒಂದಕ್ಕಿಂತ ಹೆಚ್ಚು ಹೊತ್ತಿನ ಆಹಾರದಲ್ಲಿ ಚಪಾತಿಯೋ ಗೋಧಿ ರವೆಯ ಉಪ್ಪಿಟ್ಟೋ ಇರಲಿ. ಈಗಾಗಲೇ ಬಿಟ್ಟವರು ಮತ್ತೆ ಆರಂಭಿಸುವಾಗ ತೀವ್ರ ಹೊಟ್ಟೆನೋವು, ವಾಂತಿ ಬಂದರೆ ವೈದ್ಯರನ್ನು ಕೇಳದೆ ಮುಂದುವರಿಸಬಾರದು.

ಆಮೇಲೆ ಆ ಪ್ರತಿಕಾಯಗಳನ್ನು ಹುಡುಕುವ ಟಿಟಿಜಿ-ಐಜಿಎ ರಕ್ತಪರೀಕ್ಷೆ ಮಾಡಿಸಿ, ಜೊತೆಗೆ ಐಜಿಎ ಎಂಬ ಬಗೆಯ ಪ್ರತಿಕಾಯಗಳ ಒಟ್ಟು ಪ್ರಮಾಣವನ್ನೂ ನೋಡಿಸಿ. ಐಜಿಎ ಹುಟ್ಟಿನಿಂದಲೇ ಕೊರತೆಯಿರುವವರಲ್ಲಿ ಮೊದಲನೆಯದು ಸುಳ್ಳೇ ‘ಇಲ್ಲ’ ಎನ್ನಬಹುದು. ಆಹಾರಗಳ ಉದ್ದನೆಯ ಪಟ್ಟಿ ಕೊಟ್ಟು ‘ಇವು ನಿಮಗೆ ಒಗ್ಗುವುದಿಲ್ಲ’ ಎನ್ನುವ ಐಜಿಜಿ (ಇನ್ನೊಂದು ಬಗೆಯ ಪ್ರತಿಕಾಯ) ಪರೀಕ್ಷೆಯ ಪ್ಯಾಕೇಜುಗಳಿಗೆ ದುಡ್ಡು ಸುರಿಯಲೇಬೇಡಿ. ಅವುಗಳಿಂದ ಸೀಲಿಯಾಕ್ ತಿಳಿಯುವುದಿಲ್ಲ.

ರಕ್ತಪರೀಕ್ಷೆ ಪಾಸಿಟಿವ್ ಬಂದರೆ ವಯಸ್ಕರಿಗೆ ಸಾಮಾನ್ಯವಾಗಿ ಎಂಡೋಸ್ಕೋಪಿ (ಬಾಯಿಯಿಂದ ಕೊಳವೆ ಇಳಿಸಿ ಕರುಳು ನೋಡುವುದು) ಮತ್ತು ಬಯಾಪ್ಸಿ (ಕರುಳಿನ ಚೂರು ತೆಗೆದು ಪರೀಕ್ಷಿಸುವುದು). ಅದಕ್ಕೂ ಗೋಧಿ ತಿನ್ನುತ್ತಲೇ ಹೋಗಿ.

ಖಚಿತವಾದ ಮೇಲೆ ಗ್ಲುಟೆನ್ ಜೀವನಪೂರ್ತಿ ಬಂದ್. ಅಕ್ಕಿ, ರಾಗಿ, ಜೋಳ, ಸಜ್ಜೆ ಉಣ್ಣುವ ನಾಡಿನಲ್ಲಿ ಇದು ಅಷ್ಟು ಕಷ್ಟವಲ್ಲ. ದುಬಾರಿ ‘ಗ್ಲುಟೆನ್-ಫ್ರೀ’ ಬಿಸ್ಕತ್ತುಗಳೂ ಬೇಕಿಲ್ಲ. ಆದರೆ ಗೋಧಿ ಬೀಸಿದ ಗಿರಣಿಯಲ್ಲೇ ನಿಮ್ಮ ರಾಗಿ ಬೀಸಿಸಿದರೆ ಕಲ್ಲಿನ ಸಂದಿಯಲ್ಲಿ ಉಳಿದ ಗೋಧಿ ಹಿಟ್ಟು ಅದರೊಳಗೆ ಬೆರೆಯುತ್ತದೆ. ಕಾಳು ಆರಿಸಿ, ತೊಳೆದು, ಒಣಗಿಸಿ ಮನೆಯಲ್ಲೇ ಪುಡಿಮಾಡಿಕೊಳ್ಳುವುದು ಒಳ್ಳೆಯದು. ಅಂಗಡಿಯ ಇಂಗಿನ ಡಬ್ಬಿಯ ಮೇಲಿನ ಸಣ್ಣ ಅಕ್ಷರವನ್ನೂ ಓದಿ: ಅನೇಕ ಬ್ರಾಂಡುಗಳು ಅದಕ್ಕೆ ಗೋಧಿ ಹಿಟ್ಟು ಅಥವಾ ಮೈದಾ ಸೇರಿಸುತ್ತವೆ, ಹೀಗಾಗಿ ಅನ್ನ-ಸಾರು ಮಾತ್ರ ಉಂಡವರ ಹೊಟ್ಟೆಗೂ ಗ್ಲುಟೆನ್ ಸೇರಿರಬಹುದು. ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಸಾಕು.

ಥೈರಾಯ್ಡ್ ಮಾತ್ರೆಯನ್ನು ಮಾತ್ರ ನಿಲ್ಲಿಸಬಾರದು. ಕೆಟ್ಟ ಗ್ರಂಥಿಯನ್ನು ಪಥ್ಯ ಸರಿಪಡಿಸುವುದಿಲ್ಲ. ಆದರೆ ಕರುಳು ಸುಧಾರಿಸಿದಂತೆ ಮಾತ್ರೆ ಹೆಚ್ಚು ಹೀರಲ್ಪಟ್ಟು ಹಳೆಯ ಡೋಸ್ ಅತಿಯಾಗಬಹುದು. ಆದ್ದರಿಂದ ಪಥ್ಯ ಆರಂಭಿಸಿದ 6ರಿಂದ 8 ವಾರಗಳಲ್ಲಿ ಟಿಎಸ್‌ಎಚ್ ನೋಡಿಸಿ; ಅದಕ್ಕೂ ಮೊದಲೇ ಎದೆ ಡವಗುಟ್ಟಿದರೆ, ಕೈ ನಡುಗಿದರೆ, ಆ ದಿನವೇ ವೈದ್ಯರಿಗೆ ತಿಳಿಸಿ.